ಗರಿಕಿರೀಟದ ದೊರೆ ಮತ್ತು ನನ್ನ ಇಂಗ್ಲಿಷ್

ದೊರೆಯ ಕಿವಿಯ ಹಿಂದೆ ಬಣ್ಣ ಹಚ್ಚಿರಲಿಲ್ಲ. ಮುಖವೆಲ್ಲ ತಾಮ್ರದ ಕೆಂಪು. ಕಿವಿಯ ಹಿಂದೆ ಮಾತ್ರ ಸುಲಿದ ಬಾಳೆಹಣ್ಣಿನ ಬಿಳಿ. ಅದನ್ನು ಕಂಡವಳು ನಾನೊಬ್ಬಳೇ. ಕಂಡು ಸುಮ್ಮನಿದ್ದಿದ್ದರೆ ಈ ಬರಹದ ಅಗತ್ಯವೇ ಇರುತ್ತಿರಲಿಲ್ಲ.

ಕುಮಟಾದ ಟೆಂಟ್ ಸಿನೆಮಾಕ್ಕೆ ಅಮೆರಿಕದ ಕುದುರೆ, ಕೋವಿ, ಧೂಳಿನ ಚಿತ್ರವೊಂದು ಬಂದಿತ್ತು. ಮಹಿಳಾ ಸಮಾಜದವರಿಗೆ ನೋಡುವ ಆಸೆ, ಇಂಗ್ಲಿಷ್ ಬಾರದು. ಧಾರವಾಡದಲ್ಲಿ ಇಂಗ್ಲಿಷ್ ಎಂ.ಎ. ಮುಗಿಸಿ ಬಂದ ಹೊಸ ಸೊಸೆ ನಾನಿದ್ದೇನಲ್ಲ! ಚಾಪೆಗಳ ನಡುವೆ ಕೂತು ಎಲ್ಲವನ್ನೂ ಗಟ್ಟಿಯಾಗಿ ಕನ್ನಡದಲ್ಲಿ ಹೇಳುವುದೆಂದು ತೀರ್ಮಾನವಾಯಿತು.

ನಾಲ್ಕು ಜನರೆದುರು ಬಾಯಿ ಬಿಡದ ನಾನು ಒಪ್ಪಿದ್ದಕ್ಕೆ ಕಾರಣವಿತ್ತು. ಊರಿನ ಕಾಲೇಜಿನಲ್ಲಿ ನನಗೆ ಕೆಲಸ ಸಿಗುವುದರಲ್ಲಿತ್ತು, ಅತ್ತೆ ಒಪ್ಪಿರಲಿಲ್ಲ. ದಿನವೂ ಊಟದ ಹೊತ್ತಿಗೆ ನನ್ನ ಪರವಾಗಿ ಗಂಡ ವಾದಿಸುತ್ತಿದ್ದರು. ನಾನು ಮಜ್ಜಿಗೆ ಬಡಿಸುತ್ತಿದ್ದೆ. ನನ್ನ ಇಂಗ್ಲಿಷಿನ ಉಪಯೋಗವನ್ನು ಅತ್ತೆ ಒಮ್ಮೆ ಕಣ್ಣಾರೆ ಕಾಣಲಿ ಎಂದುಕೊಂಡೆ.

ಅತ್ತೆ ಕರ್ಕಿ ಊರಿನವರು, ಯಕ್ಷಗಾನ ನೋಡುತ್ತಲೇ ಬೆಳೆದವರು. ಬೆನ್ನಿನವರೆಗೆ ಗರಿ ಇಳಿಬಿಟ್ಟ, ಅಲ್ಲಿನ ಮೂಲನಿವಾಸಿ ಬುಡಕಟ್ಟಿನ ನಾಯಕ ಗುಡ್ಡದ ನೆತ್ತಿಯಲ್ಲಿ ಕಾಣಿಸಿಕೊಂಡದ್ದೇ ತಡ, "ರಾಜ ಬಂದ" ಎಂದು ನೆಟ್ಟಗೆ ಕೂತರು. ಅಂಥ ಕಿರೀಟ, ಅಂಥ ಮುಖದ ಬಣ್ಣ, ರಾಜನಲ್ಲದೆ ಇನ್ನಾರು? ಟೋಪಿ ಹಾಕಿ ಹುಲ್ಲುಕಡ್ಡಿ ಜಗಿಯುತ್ತಿದ್ದ ಬಿಳಿಯನನ್ನು ಹೆಂಗಸರೆಲ್ಲ ಹಾಸ್ಯಗಾರನೆಂದು ಗುರುತಿಸಿ ನಗಲು ಸಿದ್ಧರಾಗಿದ್ದರು.

ನಾನು ತಿದ್ದಿದೆ: ಟೋಪಿಯವನೇ ಕಥಾನಾಯಕ, ಗರಿಯವನು ಖಳ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ರಾಜನ ಮಾತಿಗಾಗಿ ಕಾದರು. ರಾಜ ಬಹಳ ಹೊತ್ತಿನ ಮೇಲೆ ಕೈಯೆತ್ತಿ "ಹೂಂ" ಎಂದ. ಅಷ್ಟೇ!

"ಎಂತ ಹೇಳ್ದ?" ಅತ್ತೆ ಕೇಳಿದರು.

ಹೂಂ ಎಂದ ಎಂದರೆ ನನ್ನ ಎಂ.ಎ. ಗತಿಯೇನು? "ಇದು ನಮ್ಮ ಹಿರಿಯರ ಭೂಮಿ. ಕೇಳದೆ ಅಂಗಳಕ್ಕೆ ಬಂದಿರಿ, ಆಗಲಿ. ಒಲೆಯ ಹತ್ತಿರ ಬಂದರೆ ಸುಮ್ಮನಿರಲಾರೆ, ಎಂದ" ಅಂದೆ.

ಚಪ್ಪಾಳೆ ಬಿತ್ತು! ನನಗೂ ಆವೇಶ ಬಂತು. ಅವನು ಕತ್ತು ತಿರುಗಿಸಿದರೆ ಒಂದು ಸವಾಲು, ಕೆಮ್ಮಿದರೆ ಒಂದು ಶಪಥ! ನನ್ನ ದನಿ ಡೇರೆಯಾಚೆಯ ಶೇಂಗಾ ಮಾರುವವನಿಗೂ ಕೇಳಿತಂತೆ. ಅತ್ತೆಯ ಮುಖ ಬೆಳಗುತ್ತಿತ್ತು. ಕೆಲಸ ಸಿಕ್ಕಿತೆಂದೇ ತಿಳಿದೆ.

ಆಗ ಕಹಳೆ ಊದುತ್ತ ಸೈನಿಕರು ಬಂದರು. ಟೋಪಿಯವನು ಗುಂಡು ಹೊಡೆದ. ನನ್ನ ದೊರೆ ಕುದುರೆಯಿಂದ ಉರುಳಿದ. ರೀಲು ಬದಲಿಸಲು ದೀಪ ಹತ್ತಿತು.

ಎಲ್ಲರ ಒದ್ದೆ ಕಣ್ಣುಗಳು ನನ್ನ ಮೇಲೆ! "ಅಷ್ಟು ಚಂದ ಮಾತಾಡುವವನನ್ನು ಎಂತಕ್ಕೆ ಕೊಂದದ್ದು ನೀನು?" ಎಂದರು ಪಕ್ಕದ ಮನೆಯ ಶಾಂತಾಬಾಯಿ.

ಸಮಾಧಾನಪಡಿಸಲು ಹೋಗಿ ಕಿವಿಯ ಹಿಂದಿನ ಸಂಗತಿ ಹೇಳಿಬಿಟ್ಟೆ. ಅಳಬೇಡಿ, ಅವನು ಆ ಜನರವನೇ ಅಲ್ಲ, ಬಣ್ಣ ಬಳಿದುಕೊಂಡ ಬಿಳಿಯ ಎಂದೆ. ಅಳು ನಿಂತಿತು. ಸಿಟ್ಟು ಶುರುವಾಯಿತು. ಹಾಗಾದರೆ ನಿಜವಾದವರು ಎಲ್ಲಿ ಎಂದು ಕೇಳಿದರು. ಹಿಂದೆ ಕುದುರೆ ಮೇಲಿದ್ದವರಿರಬೇಕು, ಮೊದಲು ಸತ್ತವರು, ಎಂದೆ. ತಮ್ಮದೇ ರಾಜನ ವೇಷ ಕಟ್ಟಲಿಕ್ಕೂ ಅವರಿಗೆ ಬಿಡಲಿಲ್ಲವೇ ಎಂದು ಶಾಂತಾಬಾಯಿ ನನ್ನನ್ನೇ ತರಾಟೆಗೆ ತೆಗೆದುಕೊಂಡರು.

ನಾನು ಕೊನೆಯ ಅಸ್ತ್ರ ಬಿಟ್ಟೆ. "ನಮ್ಮ ಯಕ್ಷಗಾನದ ಆಟದಲ್ಲೂ ಗಂಡಸರೇ ಹೆಣ್ಣಿನ ವೇಷ ಕಟ್ಟುವುದಿಲ್ಲವೇ, ಅತ್ತೆ?"

"ಕಟ್ತ. ಆದ್ರೆ ಆ ಹೆಣ್ಣಿಗೆ ಮಾತಿದ್ದು, ಕೂಸೆ. ಈ ರಾಜ ಖರೇ ಎಂತ ಹೇಳ್ದ?"

"ಹೂಂ ಅಂದ, ಅಷ್ಟೇ. ಉಳಿದದ್ದೆಲ್ಲ ನಾನೇ."

ಮಹಿಳಾ ಸಮಾಜ ಚಾಪೆ ಸುತ್ತಿಕೊಂಡು ಎದ್ದು ನಡೆಯಿತು. ಅತ್ತೆ ನನ್ನನ್ನು ಬಿಟ್ಟು ಮುಂದೆ ಮುಂದೆ ನಡೆದರು. ದೊರೆಯ ಪಕ್ಕದಲ್ಲೇ ನನ್ನ ಕೆಲಸವೂ ಧೂಳಿನಲ್ಲಿ ಬಿದ್ದಿತ್ತು.

ಮರುದಿನ ಬೆಳಿಗ್ಗೆ ಚಹಾದ ಹೊತ್ತಿಗೆ ಗಂಡ ಎಂದಿನಂತೆ, "ಆಯಿ, ಇವಳ ಕಾಲೇಜಿನ ವಿಷಯ..." ಎಂದು ಶುರು ಮಾಡಿದರು.

"ನೀ ಸುಮ್ನಿರು. ಕೂಸಿನ ಮಾತು ನೀ ಆಡಡ" ಎಂದು ಅತ್ತೆ ಅವರ ಬಾಯಿ ಮುಚ್ಚಿಸಿ ನನ್ನ ಕಡೆ ತಿರುಗಿದರು. "ಕಾಲೇಜಿಗೆ ಹೋಪ ಮನಸ್ಸಿದ್ದಾ, ಕೂಸೆ? ನೀನೇ ಹೇಳು."

ಎಷ್ಟೋ ದಿನಗಳಿಂದ ಕಾದಿದ್ದ ಗಳಿಗೆ! ಸ್ತ್ರೀಶಿಕ್ಷಣದ ಮೇಲೆ ಎರಡು ಭಾಷೆಗಳಲ್ಲಿ ಭಾಷಣ ಸಿದ್ಧವಿತ್ತು. ಲೋಟ ಕೆಳಗಿಟ್ಟೆ. ಗಂಟಲು ಸರಿಮಾಡಿಕೊಂಡೆ.

"ಹೂಂ" ಎಂದೆ.