ಜೀಪಿಗೆ ಹೊಸ ಬ್ರೇಕು, ಪೆಡಲ್ಲು ಮಾತ್ರ ಮೊಣಕಾಲಿಗೆ

ನನ್ನ ಹಳೇ ಜೀಪಿಗೆ ಹೊಸ ಬ್ರೇಕ್ ಹಾಕಿಸಿದ್ದೇ ಹಾಕಿಸಿದ್ದು, ಎದೆ ಝಲ್ಲೆನ್ನಿಸುವಂಥದ್ದು ಒಂದರ ಹಿಂದೊಂದು ಆಗುತ್ತಲೇ ಇದೆ. ನಾನು ದನ-ಕುರಿಗಳ ಡಾಕ್ಟರು. ಕೊರಟಗೆರೆಯಿಂದ ಪಾವಗಡದವರೆಗೆ ಓಡಾಟ. ಮೊದಲಿದ್ದ ಬ್ರೇಕಿಗೆ ಸೀಟು ಬಿಟ್ಟೆದ್ದು ಪೆಡಲ್ ಮೇಲೆ ನಿಂತರೂ ಗಾಡಿ ಯೋಚನೆ ಮಾಡಿಯೇ ನಿಲ್ಲುತ್ತಿತ್ತು. ಕೊನೆಗೆ ಶಿರಾದ ಮೆಕ್ಯಾನಿಕ್ ಒಬ್ಬರ ಹತ್ತಿರ ಡಿಸ್ಕು, ಕಾಲಿನ ಬಲ ಹೆಚ್ಚಿಸುವ ಬೂಸ್ಟರು ಹಾಕಿಸಿದೆ. "ಇನ್ಮೇಲೆ ಹೂ ಮುಟ್ಟಿದಂಗೆ ಮುಟ್ಟಿದ್ರೆ ಸಾಕು ಸಾಬ್" ಅಂದರು.

ಮೊಣಕಾಲು

ಮುಟ್ಟೋಣವೆಂದರೆ ಪೆಡಲ್ಲು ಆಕ್ಸಿಲರೇಟರಿಗಿಂತ ಗೇಣು ಮೇಲಿತ್ತು. ಮೆಟ್ಟಿಲು ಹತ್ತಿದಂತೆ ಕಾಲೆತ್ತಬೇಕು. ಮಧುಗಿರಿಯಲ್ಲಿ ಪೊಲೀಸಿನವರೊಬ್ಬರು ಕೈ ಅಡ್ಡ ಹಿಡಿದರು. ಗಾಬರಿಯಲ್ಲಿ ಕಾಲೆತ್ತಿದೆ. ಮೊಣಕಾಲು ಸ್ಟೇರಿಂಗಿಗೆ ಬಡಿದು ಜೀಪು ಅವರ ಕಡೆಗೇ ತಿರುಗಿತು. ಅವರು ಬಾಳೆಹಣ್ಣಿನ ಗಾಡಿಯ ಹಿಂದಕ್ಕೆ ಹಾರಿದರು. ಜೀಪು ನಿಂತ ಮೇಲೆ ಗಾಡಿಯ ಹಿಂದಿನಿಂದ ತಲೆಯೆತ್ತಿದರು.

"ನಿಲ್ಸಿ ಅಂದ್ರೆ ಮೈಮೇಲೇ ಬರ್ತೀರಲ್ರೀ!"

"ಬ್ರೇಕ್ ಎತ್ತರ ಆಗ್ಬಿಟ್ಟಿದೆ ಸಾರ್."

ವಾಪಸ್ ಶಿರಾಕ್ಕೆ ಹೋದೆ. ಆರಡಿ ಆಳು ಆ ಮೆಕ್ಯಾನಿಕ್. ಸೀಟಿನಲ್ಲಿ ಕೂತು ಸಲೀಸಾಗಿ ಒತ್ತಿ ತೋರಿಸಿದರು. "ನೋಡಿ ಸಾಬ್, ಪೆಡಲ್ ಬಿಲ್ಕುಲ್ ಬರಾಬರ್ ಐತೆ. ನಿಮ್ ಕಾಲೇ ಸೊಲ್ಪ ಅಡ್ಜಸ್ಟ್ ಮಾಡ್ಬೇಕು."

ಜ್ವರ

ಜಗಳ ಆಡಿದ ಮೇಲೆ ಪೆಡಲ್ಲಿಗೆ ಮೇಲೊಂದು ತಡೆ ಕೊಟ್ಟು ಕೆಳಗಿಳಿಸಿದರು. ಅದರ ಹಿಂದೆ ಬ್ರೇಕನ್ನು ಒತ್ತುವ ರಾಡು ಮಾತ್ರ ಅಷ್ಟೇ ಉದ್ದ ಉಳಿಯಿತು. ಮಾರನೇ ದಿನ ಚನ್ನರಾಯನದುರ್ಗದ ಹತ್ತಿರ ಇಳಿಜಾರಿನಲ್ಲೂ ಜೀಪು ಮುಂದಕ್ಕೆ ಹೋಗದು. ಇಳಿದು ನೋಡಿದರೆ ಚಕ್ರದಿಂದ ಹೊಗೆ! ಒಳಗೆ ಸ್ಪಿರಿಟ್ ಬಾಟಲಿಗಳಿದ್ದವು. ಔಷಧಿ ಪೆಟ್ಟಿಗೆ ತಬ್ಬಿಕೊಂಡು ದೂರ ಓಡಿ, ಮೆಕ್ಯಾನಿಕ್‌ಗೆ ಫೋನ್ ಮಾಡಿದೆ.

"ರಾಡು ಒತ್ಕೊಂಡೇ ಐತೆ ಸಾಬ್, ಕಾಲು ತೆಗೆದ್ರೂ ಬ್ರೇಕ್ ಬಿಡ್ತಿಲ್ಲ. ಗಾಡಿ ತಣ್ಣಗಾಗ್ಲಿ. ನಟ್ ಲೂಸ್ ಮಾಡಿ, ರಾಡ್ ಎರಡು ಸುತ್ತು ಒಳಗೆ ತಿರುಗ್ಸಿ. ಪೆಡಲ್ಲು ಒಂಚೂರು ಖಾಲಿ ಆಡ್ಬೇಕು."

ಅಷ್ಟರಲ್ಲಿ ಎಮ್ಮೆ ಮೇಯಿಸುತ್ತಿದ್ದ ಅಜ್ಜಿಯೊಬ್ಬರು ಬಂದು ಚಕ್ರದ ಬಳಿ ಅಂಗೈ ಒಡ್ಡಿ ನೋಡಿದರು. "ಜ್ವರ ಕಣಪ್ಪ, ಸುಡ್ತೈತೆ. ದನಕ್ಕೆ ಚುಚ್ತೀಯಲ್ಲ, ಅದನ್ನೇ ಒಂದು ಚುಚ್ಚು. ಒದೀದಂಗೆ ನಾನು ಹಿಡ್ಕಂತೀನಿ" ಎಂದು ಬಂಪರನ್ನು ಗಟ್ಟಿಯಾಗಿ ಹಿಡಿದೇಬಿಟ್ಟರು.

ಟಗರು

ರಾಡು ತಿರುಗಿಸಿದ ಮೇಲೆ ಪೆಡಲ್ಲು ಸರಿಯಾಯಿತು. ಕಾಲಿಗೆ ಮಾತ್ರ ಎದ್ದು ನಿಂತು ತುಳಿಯುವ ಹಳೇ ಅಭ್ಯಾಸ ಹೋಗಿರಲಿಲ್ಲ.

ರಾಯಚರ್ಲಿನಲ್ಲಿ ಕುರಿ ಸಾಕುವ ಹೆಂಗಸೊಬ್ಬಳ ಟಗರಿಗೆ ಹೊಟ್ಟೆ ಉಬ್ಬರವಾಗಿತ್ತು. ಎಣ್ಣೆ ಕುಡಿಸಿದರೂ ಇಳಿಯಲಿಲ್ಲ, ಉಸಿರು ಮೇಲಕ್ಕೆ ಎಳೆಯುತ್ತಿತ್ತು. ಅದನ್ನು ಹಿಂದೆ ಹಾಕಿಕೊಂಡು ಪಾವಗಡದ ಆಸ್ಪತ್ರೆಗೆ ಹೊರಟೆವು. ಆಯಮ್ಮ ಪಕ್ಕದಲ್ಲಿ ಕೂತು ಅಳುತ್ತಿದ್ದಳು. ರಸ್ತೆ ಪಕ್ಕದ ಸೋಲಾರ್ ಹಲಗೆಗಳ ಸಾಲಿನಿಂದ ನಾಯೊಂದು ಅಡ್ಡ ನುಗ್ಗಿತು. ಮೈಯಲ್ಲಿದ್ದ ಶಕ್ತಿಯೆಲ್ಲಾ ಹಾಕಿ ತುಳಿದೆ.

ಜೀಪು ಮೊಳೆ ಹೊಡೆದಂತೆ ನಿಂತಿತು. ಟಗರು ಮಾತ್ರ ನಿಲ್ಲಲಿಲ್ಲ. ಹಿಂದಿನಿಂದ ಹಾರಿ ಬಂದು ಹೊಟ್ಟೆ ಸೀಟಿನ ಅಂಚಿಗೆ ಅಪ್ಪಳಿಸಿ, ಮುಂಗಾಲುಗಳು ಹಾರನ್ ಮೇಲೆ ಕೂತವು. ಹಾರನ್ ಕಿರುಚಿತು. "ಅಯ್ಯೋ ದೇವುಡಾ, ಸತ್ತೋಯ್ತು!" ಎಂದು ಆಯಮ್ಮನೂ ಕಿರುಚಿದಳು. ಆಗ ಟಗರು ನನ್ನ ಮುಖಕ್ಕೇ ಒಂದು ತೇಗು ಬಿಟ್ಟಿತು ನೋಡಿ, ಕನ್ನಡಕ ಮಂಜಾಯಿತು! ಒರೆಸಿಕೊಂಡು ನೋಡುವಷ್ಟರಲ್ಲಿ ಹೊಟ್ಟೆ ಇಳಿದು, ಅದು ನನ್ನ ಚೀಟಿ ಬರೆಯುವ ಪುಸ್ತಕ ತಿನ್ನುತ್ತಿತ್ತು.

ಆಯಮ್ಮ ಬಾಯಿ ಮೇಲೆ ಕೈಯಿಟ್ಟು ಟಗರನ್ನೂ ನನ್ನ ಕಾಲನ್ನೂ ನೋಡಿದಳು. ಕಣ್ಣೊರೆಸಿಕೊಂಡು, ಬಹಳ ಮರ್ಯಾದೆಯಿಂದ ಕೇಳಿದಳು: "ಸಾರು, ಮನೆತಾವ ಇಂಕಾ ಎರಡು ಕುರಿ ಉಬ್ಕಂಡವೆ. ಹತ್ತಿಸ್ಲಾ? ಇಂಗೇ ಇನ್ನೊಂದ್ಸಲ ತುಳಿದ್ಬುಡಿ."