ಪ್ರಕಟಿಸಬಹುದು

“ಓದು! ಜೋರಾಗಿ ಓದು!”

ದೊಡ್ಡಪ್ಪ ಕಾಲ ಮೇಲೆ ಕಾಲು ಹಾಕಿ ಕೂತಿದ್ದರು. ನನ್ನ ಕೈಯಲ್ಲಿ ಗೃಹಪ್ರವೇಶದ ಕಾರ್ಡಿನ ಪ್ರೂಫು. ಎದುರಿಗೆ ಗಿರಾಕಿ, ಅವರ ಹಿಂದೆ ಇನ್ನೂ ಮೂವರು. ಎಂಟನೇ ಕ್ಲಾಸಿಗೆ ಸ್ಕೂಲು ಬಿಟ್ಟವನು ಹೇಗೆ ಓದುತ್ತಾನೋ ಹಾಗೆ ಓದಿದೆ. ಒತ್ತಕ್ಷರ ಬಂದಲ್ಲೆಲ್ಲ ಎಡವಿ ಬಿದ್ದೆ. ಗಿರಾಕಿ ಗಡಿಯಾರ ನೋಡಿದರು.

“ನೀನು ಓದಿ ಮುಗಿಸೋಷ್ಟ್ರಲ್ಲಿ ನಮ್ಮ ಹೊಸ ಮನೆ ಹಳೇದಾಗುತ್ತೆ ಮಾರಾಯ!”

ಎಲ್ಲರೂ ನಕ್ಕರು. ದೊಡ್ಡಪ್ಪನೂ ನಕ್ಕರು! ಸಿಟ್ಟು ಬರಿಸುವುದಕ್ಕೆ ಇವರಿಗಿಂತ ದೊಡ್ಡ ಪ್ರತಿಭೆ ಶಿವಮೊಗ್ಗದಲ್ಲಾಗಲಿ ಭದ್ರಾವತಿಯಲ್ಲಾಗಲಿ ಇದ್ದರೆ ಕರೆದುಕೊಂಡು ಬನ್ನಿ, ನನ್ನ ಕಿವಿ ಕೊಯ್ದು ಕೊಡುತ್ತೇನೆ.

ಇವರು ನನ್ನ ಅಪ್ಪನ ಅಣ್ಣ. ಕಾಗದದ ಕಾರ್ಖಾನೆಯಲ್ಲಿದ್ದು ರಿಟೈರ್ ಆದವರು. ಈಗಲೂ ಭದ್ರಾವತಿಯ ಕಾಗದನಗರದಿಂದ ದಿನಾ ಬಸ್ಸು ಹತ್ತಿ, ಶಿವಮೊಗ್ಗದ ಕೋಟೆ ಏರಿಯಾದಲ್ಲಿರುವ ನಮ್ಮ ಪ್ರೆಸ್ಸಿಗೆ ಬರುತ್ತಾರೆ. ನಾನು ಮೆಷಿನ್ ಓಡಿಸುತ್ತೇನೆ, ಅವರು ತಪ್ಪು ಹಿಡಿಯುತ್ತಾರೆ. ಅವರ ಸಹಿ ಇಲ್ಲದ ಹಾಳೆ ಮೆಷಿನ್ನಿಗೆ ಹೋಗಬಾರದು, ಅದು ಓನರ್ ಮಾಡಿದ ರೂಲ್ಸು. ಊರಿನವರೆಲ್ಲ ಪ್ರೂಫಿನ ಮೇಲೆ ‘ಓಕೆ’ ಅಂತ ಬರೆದರೆ, ಇವರು ಮೂಲೆಯಲ್ಲಿ ‘ಪ್ರಕಟಿಸಬಹುದು’ ಎಂದು ಬರೆದು ಕೆಳಗೆ ಸಹಿ ಹಾಕುತ್ತಾರೆ. ಎರಡಕ್ಷರದಲ್ಲಿ ಮುಗಿಯುವುದಕ್ಕೆ ಇಷ್ಟುದ್ದ ಯಾಕೆ?

ಸರಿ, ಬರೆದುಕೊಳ್ಳಲಿ. ಆದರೆ ಒಂದು ವರ್ಷದಿಂದ ಹೊಸ ಕಾಟ. ತಾವು ಓದುವುದಿಲ್ಲ, ನನ್ನ ಕೈಯಲ್ಲಿ ಓದಿಸುತ್ತಾರೆ! ಯಾಕೆ ಎಂದು ಒಮ್ಮೆ ಕೇಳಿ ಕೆಟ್ಟೆ.

“ಪ್ರಕಟ ಅಂದ್ರೆ ಏನು ಅಂದ್ಕೊಂಡಿದ್ದೀಯ?”

“ಪ್ರಿಂಟ್ ಹಾಕೋದು.”

“ಪ್ರಿಂಟ್ ಹಾಕೋದಕ್ಕೆ ಅಚ್ಚು ಅಂತಾರೆ. ಬೆಲ್ಲಕ್ಕೂ ಅಚ್ಚಿದೆ. ಅಚ್ಚಲ್ಲಿ ಹೊಯ್ದ ಬೆಲ್ಲ ಅಟ್ಟದ ಮೇಲಿದ್ರೆ ಯಾರಿಗೆ ಸಿಹಿ? ಪ್ರಕಟ ಅಂದ್ರೆ ಮುಚ್ಚಿದ್ದು ಬಯಲಿಗೆ ಬರೋದು. ಪ್ರಕಾಶನ ಅಂದ್ರೂ ಅಷ್ಟೇ, ಬೆಳಕಿಗೆ ತರೋದು. ಪ್ರೆಸ್ಸೇ ಇಲ್ಲದ ಕಾಲದಲ್ಲಿ ರಾಜನ ಮಾತು ಹೆಂಗೆ ಪ್ರಕಟ ಆಗ್ತಿತ್ತು? ಡಂಗುರ ಹೊಡೆದು! ಬಾಯಿಂದ ಕಿವಿಗೆ! ಅದಕ್ಕೇ ಓದು ಅನ್ನೋದು.”

ಅಲ್ಲಿಗೆ ನಿಲ್ಲಿಸಿದರೇ? ಇಲ್ಲ! ಪ್ರಕಟ, ವಿಕಟ, ಉತ್ಕಟ, ಸಂಕಟ, ನಾಲ್ಕೂ ಒಂದೇ ಮನೆಯ ಮಕ್ಕಳಂತೆ. ‘ಪ್ರಕೃತ’ ಎಂಬುದು ಜನರ ಬಾಯಲ್ಲಿ ಸವೆದು ಸವೆದು ‘ಪ್ರಕಟ’ ಆಯಿತು ಎಂದು ಪಂಡಿತರು ಹೇಳುತ್ತಾರಂತೆ. ನನಗೆ ಆ ಮನೆಯಲ್ಲಿ ಕೊನೆಯವನ ಪರಿಚಯ ಮಾತ್ರ ಚೆನ್ನಾಗಿದೆ.

ಪ್ರೆಸ್ಸಿನಲ್ಲಿ ಮಾತ್ರವಲ್ಲ, ಸಂಜೆ ಬಸ್ ಸ್ಟ್ಯಾಂಡಿನಲ್ಲೂ ಇದೇ ಗೋಳು. ಅವರನ್ನು ಬಸ್ಸು ಹತ್ತಿಸುವುದು ನನ್ನ ಡ್ಯೂಟಿ. ಬರುವ ಪ್ರತಿ ಬಸ್ಸಿನ ಬೋರ್ಡನ್ನೂ ನಾನು ಕೂಗಿ ಹೇಳಬೇಕು. “ಬೋರ್ಡೂ ಒಂದು ಪ್ರಕಟಣೆ ಕಣೋ, ಓದು!” ನಾಲ್ಕು ಜನ ತಿರುಗಿ ನೋಡುತ್ತಾರೆ. ಒಂದು ದಿನ ನಾನು “ಹೊಳೆಹೊನ್ನೂರು!” ಎಂದು ಕಿರುಚಿದ್ದೇ ತಡ, ಒಬ್ಬರು ಅಜ್ಜಿ ಬಂದು ನನ್ನ ಕೈಗೆ ನೋಟು ತುರುಕಿದರು. “ಎರಡು ಟಿಕೆಟ್ ಕೊಡಪ್ಪ. ಸೀಟ್ ಇದೆ ತಾನೆ?”

ನಾನು ಹಲ್ಲು ಕಡಿದೆ. ದೊಡ್ಡಪ್ಪ ಹೇಳಿದರು: “ನೋಡ್ದಾ, ಹೆಂಗೆ ಪ್ರಕಟ ಆಯ್ತು!”

ಮೊನ್ನೆ ತಲೆ ಕೆಟ್ಟಿತು. ಬೆಳಿಗ್ಗೆಯಿಂದ ಮೆಷಿನ್ ಕೈ ಕೊಟ್ಟಿತ್ತು. ಮದುವೆ ಕಾರ್ಡಿನವರು ಮೂರು ಸಲ ಫೋನ್ ಮಾಡಿದ್ದರು. ಅದರ ಮೇಲೆ ಇವರ “ಓದು!” ಬೇರೆ.

“ಓದಲ್ಲ! ಬೇಕಾದ್ರೆ ನೀವೇ ಓದ್ಕೊಳ್ಳಿ!” ಎಂದು ಟೇಬಲ್ ಮೇಲಿನ ಹಾಳೆ ಎತ್ತಿ ಅವರ ಮುಂದೆ ಎಸೆದೆ.

ದೊಡ್ಡಪ್ಪ ಹಾಳೆಯನ್ನು ಮೂಗಿನ ಹತ್ತಿರ ಹಿಡಿದರು. ಸಾಲಿನಿಂದ ಸಾಲಿಗೆ ಬೆರಳು ಇಳಿಸಿದರು. ತಲೆ ಆಡಿಸಿದರು. ಮೂಲೆ ತಡವಿ ‘ಪ್ರಕಟಿಸಬಹುದು’ ಎಂದು ಬರೆದು ಸಹಿ ಹಾಕಿ ನನಗೆ ಕೊಟ್ಟರು.

ನೋಡಿದೆ. ಸಿಟ್ಟಿನಲ್ಲಿ ಪ್ರೂಫು ಬಿಟ್ಟು ಪಕ್ಕದಲ್ಲಿದ್ದ ಬಿಳಿ ಹಾಳೆ ಎಸೆದಿದ್ದೆ. ಅದರಲ್ಲಿ ಒಂದೇ ಒಂದು ಅಕ್ಷರ ಇರಲಿಲ್ಲ.

ನನಗೆ ಮೊದಲು ಬಂದದ್ದು ಸಿಟ್ಟೇ, ಸುಳ್ಳು ಯಾಕೆ ಹೇಳಲಿ? ಒಂದು ವರ್ಷ! ಡಂಗುರವಂತೆ, ಪಂಡಿತರಂತೆ!

“ದೊಡ್ಡಪ್ಪ, ಇದು ಖಾಲಿ ಹಾಳೆ.”

ಅವರ ಕೈ ಪೆನ್ನಿನ ಮುಚ್ಚಳ ಹುಡುಕುತ್ತಿತ್ತು. ಅದು ಎದುರಿಗೇ ಇತ್ತು.

“ಮುಚ್ಚಿದ್ದನ್ನ ಬಯಲಿಗೆ ತರ್ಬೇಕು ಅಂತ ನನ್ನ ತಲೆ ತಿಂದ್ರಲ್ಲ, ಇದನ್ನ ಯಾಕೆ ಮುಚ್ಚಿಟ್ರಿ?”

“ಕಣ್ಣು ಹೋಯ್ತು ಅಂತ ಗೊತ್ತಾದ್ರೆ ಈ ಕುರ್ಚಿ ಬಿಡ್ಬೇಕಾಗುತ್ತೆ ಕಣೋ. ಮನೇಲಿ ಗೋಡೆ ನೋಡ್ಕೊಂಡು ಕೂರ್ಬೇಕು.” ಆಮೇಲೆ ನಕ್ಕರು. “ಈಗ ಅದೂ ಸರಿಯಾಗಿ ಕಾಣಲ್ಲ.”

ಅಷ್ಟರಲ್ಲಿ ಓನರ್ ಒಳಗೆ ಬಂದರು. “ಏನ್ರೀ, ಮದುವೆ ಕಾರ್ಡು ನೋಡಿದ್ರಾ? ಗಿರಾಕಿ ಪ್ರಾಣ ತಿಂತಿದ್ದಾರೆ.”

ದೊಡ್ಡಪ್ಪ ನನ್ನ ಕಡೆ ಮುಖ ತಿರುಗಿಸಿದರು. ನನ್ನ ಕಡೆ ಎಂದರೆ, ನಾನಿದ್ದ ಜಾಗಕ್ಕಿಂತ ಒಂದು ಗೇಣು ಆಚೆಗೆ.

ಹೇಳಿಬಿಡಬಹುದಿತ್ತು. ಬಿಳಿ ಹಾಳೆಯನ್ನು ಮಡಚಿ ಜೇಬಿಗೆ ಹಾಕಿಕೊಂಡೆ. ನಿಜವಾದ ಪ್ರೂಫು ತೆಗೆದುಕೊಂಡು ಯಾರೂ ಹೇಳದೆಯೇ ಜೋರಾಗಿ ಓದಿದೆ. ಎಡವಿದೆ, ಎದ್ದೆ, ಮತ್ತೆ ಎಡವಿದೆ.

“ನಿಲ್ಸು!” ದೊಡ್ಡಪ್ಪ ಕೈ ಎತ್ತಿದರು. “ಏನಂದೆ? ಆ ತಾರೀಖು ಭಾನುವಾರ ಅಂತಲಾ? ಆವತ್ತು ಸೋಮವಾರ!”

ಓನರ್ ಕ್ಯಾಲೆಂಡರ್ ತಿರುವಿದರು. ಸೋಮವಾರ! “ಈ ಪುಣ್ಯಾತ್ಮರು ಇಲ್ದಿದ್ರೆ ಛತ್ರಕ್ಕೆ ಜನ ಒಂದಿನ ಮೊದ್ಲೇ ಬಂದು ಕೂರ್ತಿದ್ರಲ್ಲೋ!” ಎಂದು ಹೊರಗೆ ಹೋದರು.

ಈಗ ದಿನಾ ನಾನೇ ಓದುತ್ತೇನೆ. ಗಿರಾಕಿಗಳು ನಕ್ಕರೆ ನಗಲಿ.

ಇದನ್ನು ಬರೆದು ಮೊದಲು ದೊಡ್ಡಪ್ಪನಿಗೇ ಓದಿದೆ. ಬೈದಿರುವ ಕಡೆಯೆಲ್ಲ ನಕ್ಕರು. ಮೂರು ಕಡೆ ತಪ್ಪು ಹಿಡಿದರು.

“ಓನರ್ ಓದಿದ್ರೆ?” ಎಂದೆ.

ದೊಡ್ಡಪ್ಪ ಕೈ ಚಾಚಿದರು. “ಓದ್ಲಿ ಬಿಡು. ಇದೊಂದನ್ನ ಮುಚ್ಚಿಟ್ಟು ಸುಸ್ತಾಗಿದೆ. ಪೆನ್ ಕೊಡು.”

ಹಾಳೆಯ ಮೂಲೆ ಎಲ್ಲಿದೆ ಎಂದು ಅವರ ಬೆರಳು ಹಿಡಿದು ತೋರಿಸಿದೆ. ‘ಪ್ರಕಟಿಸಬಹುದು’ ಎಂದು ಬರೆದು ಸಹಿ ಹಾಕಿದರು.

ಅಷ್ಟೇ. ನನ್ನ ಹತ್ತಿರ ಇನ್ನು ಹೇಳುವುದಕ್ಕೆ ಏನೂ ಇಲ್ಲ.