ವಸತಿಗೃಹದ ನಿಂಬೆಮರವನ್ನು ಕ್ರಮಬದ್ಧವಾಗಿ ಹೆದರಿಸುವ ಬಗ್ಗೆ

ವಸತಿಗೃಹ ನಿರ್ವಹಣಾ ಶಾಖೆ, ವಿದ್ಯಾರಣ್ಯಪುರಂ, ಮೈಸೂರು
ಸಂಖ್ಯೆ: ವನಿಶಾ/ನಿಂಬೆ/7/1999-2000
ದಿನಾಂಕ: 6-12-1999

ಸುತ್ತೋಲೆ

ವಿಷಯ: ಏಳನೇ ನಂಬರ್ ವಸತಿಗೃಹದ ಮುಂದಿನ ನಿಂಬೆಮರ ಆರು ವರ್ಷವಾದರೂ ಕಾಯಿ ಬಿಡದಿರುವ ಕುರಿತು.

ಉಲ್ಲೇಖ: 1. ಸ್ಕೂಟರ್ ಶೆಡ್ ಕೋರಿ ನಿವಾಸಿಗಳು ಸಲ್ಲಿಸಿದ ಮನವಿ.
2. ಮರವನ್ನು ಹೆದರಿಸಿದ ದಿನದ ವರದಿ, ದಿನಾಂಕ 28-11-1999.

ಸದರಿ ಮರವನ್ನು ನೆಟ್ಟವರು ಏಳನೇ ನಂಬರಿನಲ್ಲಿ ವಾಸವಿರುವ ಗುಮಾಸ್ತ ಶ್ರೀ ಏಕಾಂತಯ್ಯನವರು. ಬರುವ ಮಾರ್ಚ್ 31ರೊಳಗೆ ಒಂದು ಕಾಯಿಯಾದರೂ ಕಟ್ಟದಿದ್ದಲ್ಲಿ ಮರವನ್ನು ಕಡಿದು ಅಲ್ಲಿ ಸ್ಕೂಟರ್ ಶೆಡ್ ಕಟ್ಟಲು ತೀರ್ಮಾನಿಸಲಾಗಿದೆ. ಇದು ತಿಳಿದಂದಿನಿಂದ ಶ್ರೀಯುತರು ಸರಿಯಾಗಿ ಊಟ ಮಾಡುತ್ತಿಲ್ಲವೆಂದು ಅವರ ಪತ್ನಿ ಶ್ರೀಮತಿ ಪ್ರೇಮಲೀಲಾರವರು ಮೌಖಿಕವಾಗಿ ತಿಳಿಸಿರುತ್ತಾರೆ. ಆದ್ದರಿಂದ ಮರಕ್ಕೆ ಕೊನೆಯ ಅವಕಾಶ ನೀಡಿ, ಕೆಳಕಂಡಂತೆ ನಡೆದುಕೊಳ್ಳಲು ಎಲ್ಲ ನಿವಾಸಿಗಳಿಗೆ ಈ ಮೂಲಕ ಸೂಚಿಸಲಾಗಿದೆ.

1. ನೀರು ಹೆಚ್ಚಾಗಿ ಮರ ಬರೀ ಎಲೆ ಬಿಡುತ್ತಿದೆಯೆಂದು ಬಲ್ಲವರು ಅಭಿಪ್ರಾಯಪಟ್ಟಿರುವುದರಿಂದ, ಒಂದು ತಿಂಗಳು ಬುಡಕ್ಕೆ ನೀರು ಹಾಕತಕ್ಕದ್ದಲ್ಲ. ಅಕ್ಕಿ ತೊಳೆದ ನೀರನ್ನೂ ನೀರೆಂದೇ ಪರಿಗಣಿಸಲಾಗುವುದು.

2. ಎಲೆ ಬಾಡುವುದನ್ನು ನೋಡಲಾರದವರು ಹಿಂದಿನ ಗೇಟಿನಿಂದ ಓಡಾಡತಕ್ಕದ್ದು. ನೀರು ಹಾಕಬಾರದೆಂಬ ಸೂಚನೆಯನ್ನು ಹಿಂದೆಯೇ ಬಾಯಿಮಾತಿನಲ್ಲಿ ನೀಡಿದ್ದಾಗ್ಯೂ, ಬೆಳಗಿನ ಹೊತ್ತು ಬುಡ ಒದ್ದೆಯಾಗಿರುವುದು ಮೂರು ಸಲ ಕಂಡುಬಂದಿದೆ. ವಿಚಾರಣೆಗೆ ಶ್ರೀ ಏಕಾಂತಯ್ಯನವರನ್ನೇ ನೇಮಿಸಲಾಗಿದ್ದು, ಅದು ಇಬ್ಬನಿಯೆಂದು ಅವರು ಮೂರು ಸಲವೂ ವರದಿ ಮಾಡಿರುತ್ತಾರೆ. ಇಬ್ಬನಿಯು ಬಕೆಟ್ಟಿನ ತಳದ ಗುರುತನ್ನೂ ಬಿಟ್ಟುಹೋಗಿರುವುದನ್ನು ಶಾಖೆ ಗಮನಿಸಿದೆ.

3. ಮಳೆ ಬಂದಲ್ಲಿ ಬುಡಕ್ಕೆ ಟಾರ್ಪಾಲು ಹೊದಿಸತಕ್ಕದ್ದು. ಟಾರ್ಪಾಲಿಗೆ ಮಳೆ ಬರುವ ಮೂರು ದಿನ ಮುಂಚಿತವಾಗಿ ಅರ್ಜಿ ಸಲ್ಲಿಸುವುದು.

4. ಹೆದರಿಸಿದರೆ ಮರ ಕಾಯಿ ಬಿಡುತ್ತದೆಂಬ ರೂಢಿಯ ನಂಬಿಕೆಯಂತೆ ಪ್ರತಿ ಭಾನುವಾರ ಬೆಳಿಗ್ಗೆ ಎಂಟಕ್ಕೆ ಮರವನ್ನು ಹೆದರಿಸಲಾಗುವುದು. ವಾಹನ ಚಾಲಕ ಶ್ರೀ ಡೆನ್ನಿಸ್‌ರವರು ಮಚ್ಚು ಎತ್ತಿ "ಈ ಸಲ ಕಾಯಿ ಬುಡ್ನಿಲ್ಲ ಅಂದ್ರೆ ಕಡ್ದಾಕ್ಬುಡ್ತೀನಿ ಕಣೇ" ಎನ್ನತಕ್ಕದ್ದು. ಶ್ರೀ ಏಕಾಂತಯ್ಯನವರು ಅಡ್ಡ ಬಂದು "ಪಾಪ, ಇನ್ನೊಂದ್ಸಲ ನೋಡಾಣ ಬುಡಪ್ಪ" ಎನ್ನತಕ್ಕದ್ದು. ಇದಕ್ಕಿಂತ ಹೆಚ್ಚಿಗೆ ಇಬ್ಬರೂ ಏನನ್ನೂ ಮಾಡಕೂಡದು.

5. ಉಲ್ಲೇಖ 2ರ ದಿನ ಶ್ರೀ ಏಕಾಂತಯ್ಯನವರು ಗೊತ್ತುಪಡಿಸಿದ ಮಾತನ್ನು ಬಿಟ್ಟು "ಮೊದ್ಲು ನನ್ನ ಕಡಿ ಕಣೋ ಡೆನ್ನಿಸ್" ಎಂದು ಮರವನ್ನು ತಬ್ಬಿಕೊಂಡು, ಮುಳ್ಳು ಚುಚ್ಚಿಸಿಕೊಂಡು, ನಂತರ ಮಚ್ಚನ್ನೇ ಕಿತ್ತುಕೊಂಡು ಹೋಗಿ ಮನೆಯ ಬೀರುವಿನಲ್ಲಿಟ್ಟು ಬೀಗ ಹಾಕಿರುತ್ತಾರೆ. "ನಾನ್ ಸುಮ್ನೆ ಅಂದಿದ್ದು ಕಣ್ರೀ, ನೀವೇ ತಾನೆ ಅನ್ನು ಅಂದಿದ್ದು" ಎಂದು ಶ್ರೀ ಡೆನ್ನಿಸ್‌ರವರು ಹೇಳಿಕೆ ನೀಡಿರುತ್ತಾರೆ. ಮರ ಹೆದರಿದ್ದಕ್ಕೆ ಸಾಕ್ಷ್ಯವಿಲ್ಲ. ಶ್ರೀ ಡೆನ್ನಿಸ್‌ರವರು ಹೆದರಿದ್ದಕ್ಕೆ ಇದೆ.

6. ಸದರಿ ಮಚ್ಚು ಶಾಖೆಯ ದಾಸ್ತಾನಿನಲ್ಲಿರುವ ಏಕೈಕ ಮಚ್ಚಾಗಿದ್ದು, ದಾಸ್ತಾನಿನಲ್ಲಿಲ್ಲದ ಆಯುಧದಿಂದ ಮರ ಕಡಿಯಲು ನಿಯಮದಲ್ಲಿ ಅವಕಾಶವಿರುವುದಿಲ್ಲ. ಹೆದರಿಸುವ ಕಾರ್ಯಕ್ಕೆ ಮಾತ್ರ ಕಛೇರಿಯ ಅಡಿಕೋಲನ್ನು ಬಳಸತಕ್ಕದ್ದು. ಈ ವಿಷಯ ಮರಕ್ಕೆ ತಿಳಿಯಕೂಡದು.

ಸಹಿ/-
(ಶಿವಮಲ್ಲಪ್ಪ)
ಅಧೀಕ್ಷಕರು

ಪ್ರತಿಗಳು:
1. ಸ್ಕೂಟರ್ ಶೆಡ್ ಕೋರಿದ ನಿವಾಸಿಗಳಿಗೆ, ಕಾಯುವ ಸಲುವಾಗಿ.
2. ಶ್ರೀ ಡೆನ್ನಿಸ್, ಚಾಲಕರು, ಅಡಿಕೋಲಿನೊಂದಿಗೆ.
3. ನಿಂಬೆಮರಕ್ಕೆ. ಮೊಳೆ ಹೊಡೆಯದೆ ದಾರದಿಂದ ಕಟ್ಟುವುದು. ಆರನೇ ಅಂಶವನ್ನು ಒಳಕ್ಕೆ ಮಡಿಚುವುದು.
4. ಶ್ರೀ ಏಕಾಂತಯ್ಯ, ಏಳನೇ ನಂಬರ್, ಮಾಹಿತಿಗಾಗಿ. ಮಚ್ಚು ವಾಪಸ್ಸು ಮಾಡಲು ಅವಸರವಿಲ್ಲ.